ನೂಲು ಹರಿಯದ ಮಗ್ಗ

ಎಲ್ಲರಿಗೂ ನಮಸ್ಕಾರ. ಆಮಂತ್ರಣದಲ್ಲಿ 'ಕಾರ್ಖಾನೆ ಮತ್ತು ಸಂಗೀತ' ಎಂದು ಅಚ್ಚಾಗಿದೆ. ಅಷ್ಟು ದೊಡ್ಡ ಹೊರೆ ನಾನು ಹೊರಲಾರೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮಾಡಿದ್ದ ಐದು ನಿಮಿಷದ ಒಂದು ವಾದ್ಯಕೃತಿಯನ್ನು ಇಪ್ಪತ್ತು ವರ್ಷಗಳ ಮೇಲೆ ಬಿಚ್ಚಿ ಮತ್ತೆ ಕಟ್ಟಿದ್ದೇನೆ. ಅದರ ಕಥೆಯನ್ನಷ್ಟೇ ಹೇಳುತ್ತೇನೆ. ಬಾಗಲಕೋಟೆಯಲ್ಲಿ ಇದನ್ನು ಹೇಳುವುದು ಸುಲಭ. ಇಳಕಲ್ಲಿನವರು, ಗುಳೇದಗುಡ್ಡದವರು, ನಮ್ಮ ಬನಹಟ್ಟಿಯವರು ಮುಂದೆಯೇ ಕುಳಿತಿದ್ದೀರಿ. ಹೊಕ್ಕಿನ ಎಳೆಯನ್ನು ಅಡ್ಡಲಾಗಿ ಒಯ್ಯುವುದು ಲಾಳಿ, ಅದರೊಳಗೆ ನೂಲು ಸುತ್ತಿಟ್ಟದ್ದು ಕಂಡಿಕೆ ಎಂದು ನಿಮಗೆ ಬಿಡಿಸಿ ಹೇಳುವ ಕೆಲಸ ನನಗೆ ತಪ್ಪಿತು.

ನಮ್ಮ ಮನೆಯ ಹಿಂಭಾಗದಲ್ಲಿ ನಾಲ್ಕು ಪವರ್‌ಲೂಮ್‌ಗಳಿದ್ದವು. ರಾತ್ರಿ ಕರೆಂಟು ಹೋದರೆ ಮಕ್ಕಳೆಲ್ಲ ಎಚ್ಚರಗೊಳ್ಳುತ್ತಿದ್ದೆವು, ಸದ್ದು ನಿಂತಿತೆಂದು. ಇಂಥ ಮನೆಯಿಂದ ಪುಣೆಗೆ ಓದಲು ಹೋದವನಿಗೆ ಹಾಸ್ಟೆಲಿನಲ್ಲಿ ಯಾರೋ ಇಂಡಸ್ಟ್ರಿಯಲ್ ಸಂಗೀತದ, ಅಂದರೆ ಯಂತ್ರದಂಥ ಕರ್ಕಶ ಸದ್ದುಗಳಿಂದ ಕಟ್ಟುವ ಸಂಗೀತದ, ಕ್ಯಾಸೆಟ್ ಕೇಳಿಸಿದರು. ಮೊದಲು ನನಗೆ ಬಂದದ್ದು ನಗು. ಇದನ್ನು ಕೇಳಲು ದುಡ್ಡು ಕೊಡಬೇಕೇ, ನಮ್ಮ ಮನೆಗೆ ಬಂದರೆ ಪುಕ್ಕಟೆ ಕೇಳಿಸುತ್ತೇನೆ ಎಂದೆ.

ಆಮೇಲೆ ಓದಿಕೊಂಡೆ. ಇಟಲಿಯ ಚಿತ್ರಕಾರ ಲುಯಿಜಿ ರುಸ್ಸೊಲೊ 1913ರಲ್ಲಿಯೇ ಸದ್ದಿನ ಕಲೆಯ ಬಗ್ಗೆ ಪ್ರಣಾಳಿಕೆ ಬರೆದು, ಗುರುಗುಟ್ಟುವ, ಕಿರುಗುಟ್ಟುವ ಪೆಟ್ಟಿಗೆಗಳನ್ನು ಮಾಡಿದ್ದ. ಪ್ಯಾರಿಸ್ಸಿನಲ್ಲಿ ಪಿಯರ್ ಶೆಫರ್ 1948ರಲ್ಲಿ ರೈಲಿನ ಸದ್ದುಗಳನ್ನು ಮುದ್ರಿಸಿ, ಜೋಡಿಸಿ, ಕೃತಿ ಕಟ್ಟಿದ. ಇಂಡಸ್ಟ್ರಿಯಲ್ ಎಂಬ ಹೆಸರು ಅಂಟಿಕೊಂಡದ್ದು 1976ರಲ್ಲಿ, ಇಂಗ್ಲೆಂಡಿನ ಥ್ರಾಬಿಂಗ್ ಗ್ರಿಸಲ್ ತಂಡ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಸ್ವಂತ ಸಂಸ್ಥೆ ತೆರೆದ ಮೇಲೆ. 1980ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಹುಟ್ಟಿದ ಇನ್ನೊಂದು ತಂಡವಂತೂ ಗುಜರಿ ಕಬ್ಬಿಣವನ್ನೂ ಡ್ರಿಲ್ಲಿಂಗ್ ಯಂತ್ರವನ್ನೂ ವೇದಿಕೆಗೇ ತಂದಿತು. ಇವರಲ್ಲಿ ಹಲವರಿಗೆ ಯಂತ್ರದ ಸದ್ದೆಂದರೆ ಸಿಟ್ಟು. ನಾನು ಮಗ್ಗವನ್ನು ಮನೆಯಿಂದ ತೆಗೆದುಕೊಂಡೆ, ಸಿಟ್ಟನ್ನು ಅವರಿಂದ ಕಡ ತಂದೆ.

ರಜೆಗೆ ಊರಿಗೆ ಬಂದಾಗ ಕ್ಯಾಸೆಟ್ ರೆಕಾರ್ಡರ್ ಹಿಡಿದು ಮಗ್ಗದ ಪಕ್ಕ ಕುಳಿತೆ. ಲಾಳಿಯ ಎಂಟು ಹೊಡೆತಗಳನ್ನು ಕತ್ತರಿಸಿ ಕಂಪ್ಯೂಟರಿಗೆ ಹಾಕಿದೆ. ನಮ್ಮ ಮಗ್ಗ ನಿಮಿಷಕ್ಕೆ ಸುಮಾರು 140 ಹೊಡೆತ ಹೊಡೆಯುತ್ತಿತ್ತು, ಅದನ್ನು ಲೆಕ್ಕಕ್ಕೆ ಸರಿಯಾಗಲೆಂದು 120ಕ್ಕೆ ಎಳೆದೆ. ಎಂಟು ಹೊಡೆತಕ್ಕೆ ನಾಲ್ಕು ಸೆಕೆಂಡು, ಐದು ನಿಮಿಷಕ್ಕೆ ಎಪ್ಪತ್ತೈದು ಸುತ್ತು. ಮೇಲೆ ಕೀಬೋರ್ಡಿನ ಕರ್ಕಶ ಸ್ವರಗಳು. ಗೆಳೆಯರು ಹೊಗಳಿದರು.

ಊರಲ್ಲಿ ಕಾಕಾ ಅವರಿಗೆ ಕೇಳಿಸಿದೆ. ನಲವತ್ತು ವರ್ಷ ಮಗ್ಗದ ಮುಂದೆ ನಿಂತ ಅವರಿಗೆ ಕಿವಿ ಮಂದವಾಗಿತ್ತು. ಸ್ಪೀಕರಿನ ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೊನೆಯವರೆಗೂ ಕುಳಿತಿದ್ದರು. ಮುಗಿದ ಮೇಲೆ, "ತಮ್ಮಾ, ಇದು ಎಲ್ಲಿಯ ನೂಲು? ಒಮ್ಮೆಯೂ ಹರಿಯಲಿಲ್ಲವಲ್ಲ. ನಮಗೂ ಎರಡು ಬಂಡಲ್ ತರಿಸಿಕೊಡು" ಎಂದರು. ನಾನೂ ನಕ್ಕೆ. ಅದು ವಿಮರ್ಶೆ ಎಂದು ತಿಳಿಯಲು ಇಷ್ಟು ವರ್ಷ ಹಿಡಿಯಿತು.

ಹೋದ ವರ್ಷ ಆ ಕೃತಿಯನ್ನು ಮತ್ತೆ ಕೈಗೆತ್ತಿಕೊಂಡೆ. ಹಳೆಯ ಫೈಲನ್ನು ಈಗಿನ ಯಾವ ಕಂಪ್ಯೂಟರೂ ತೆರೆಯಲಿಲ್ಲ. ಉಳಿದದ್ದು ಒಂದು ಕ್ಯಾಸೆಟ್ ಪ್ರತಿ. ಅದರಲ್ಲಿ ಮಗ್ಗ, ಕೀಬೋರ್ಡು ಎಲ್ಲ ಬೆರೆತು ಹೋಗಿವೆ. ಸಾಂಬಾರಿನಿಂದ ಉಪ್ಪು ಹೆಕ್ಕಲು ಬರುವುದಿಲ್ಲ. ಹೊಸದಾಗಿ ಮುದ್ರಿಸೋಣವೆಂದು ಹೊರಟರೆ, ನಾನು ಹೋದ ಮೊದಲ ಎರಡು ಶೆಡ್ಡುಗಳಲ್ಲಿ ರೇಪಿಯರ್ ಮಗ್ಗಗಳು. ಅವಕ್ಕೆ ಲಾಳಿಯೇ ಇಲ್ಲ, ಸದ್ದೇ ಬೇರೆ. ಕಡೆಗೆ ಕಾಕಾ ಅವರ ಶೆಡ್ಡಿನಲ್ಲಿಯೇ ಎರಡು ಹಳೆಯ ಮಗ್ಗಗಳು ಸಿಕ್ಕವು.

ಈ ಸಲ ಕತ್ತರಿಸಲಿಲ್ಲ, ಸುಮ್ಮನೆ ಕೇಳಿದೆ. ಒಂದು ಮಗ್ಗ 140, ಇನ್ನೊಂದು 143. ಒಟ್ಟಿಗೆ ಹೊರಟವು ಬೇರೆಯಾಗಿ, ಇಪ್ಪತ್ತು ಸೆಕೆಂಡಿಗೊಮ್ಮೆ ಮತ್ತೆ ಒಂದಾಗುತ್ತವೆ. ಬೆಲ್ಟು ಸಡಿಲಾದರೆ ಆ ಲೆಕ್ಕವೂ ತಪ್ಪುತ್ತದೆ. ಎಡದ ಹೊಡೆತಕ್ಕೂ ಬಲದ ಹೊಡೆತಕ್ಕೂ ದನಿ ಒಂದೇ ಅಲ್ಲ, ನಡುವಿನ ಅಂತರವೂ ಸಮನಲ್ಲ. ಹಿಂದೆ ಇದೆಲ್ಲ ನನಗೆ ದೋಷವಾಗಿ ಕಂಡಿತ್ತು, ಉಜ್ಜಿ ತೆಗೆದಿದ್ದೆ. ಈಗ ತಬಲಾದವರಿಗೆ ಕ್ಲಿಕ್, ಅಂದರೆ ಲಯ ತಪ್ಪದಂತೆ ಕಿವಿಗೆ ಕೇಳಿಸುವ ಟಿಕ್ ಟಿಕ್ ಸದ್ದು, ಕೊಡಲಿಲ್ಲ, ಮಗ್ಗದ ಹಿಂದೆ ನಡೆಯಿರಿ ಎಂದೆ. ಪಾಪ, ಮೊದಲ ದಿನ ಅವರು ಬೆವತುಹೋದರು.

ಇನ್ನೊಂದು ಗುಂಯ್‌ಗುಡುವಿಕೆ. ನಮ್ಮ ಕರೆಂಟು 50 ಹರ್ಟ್ಸ್‌ನದು. ಮೋಟಾರು ಅದರ ಇಮ್ಮಡಿ, 100ರಲ್ಲಿ ಗುನುಗುತ್ತದೆ. ಹಾರ್ಮೋನಿಯಂ ಇಟ್ಟು ನೋಡಿದೆ: ಐದನೆಯ ಬಿಳಿ ಮನೆಯ ಸ್ವರಕ್ಕಿಂತ ಮೇಲೆ, ನಾಲ್ಕನೆಯ ಕರಿ ಮನೆಯ ಸ್ವರಕ್ಕಿಂತ ಕೆಳಗೆ. ಆ ಪೆಟ್ಟಿಗೆಯಲ್ಲಿ ಅದಕ್ಕೆ ಮನೆಯೇ ಇಲ್ಲ. ತಂಬೂರಿಗೆ ಇಂಥ ತಕರಾರಿಲ್ಲ, ಎಲ್ಲಿಗೆ ಬೇಕಾದರೂ ಏರುತ್ತದೆ. ಷಡ್ಜವನ್ನು ಮೋಟಾರಿಗೇ ಸೇರಿಸಿ ಕಟ್ಟಿದೆವು. ಕೀಬೋರ್ಡು ಹೊರಗುಳಿಯಿತು, ಯಾರಿಗೂ ಬೇಸರವಾಗಲಿಲ್ಲ.

ಆಮೇಲೆ ಕಾಕಾ ಹೇಳಿದ ನೂಲು. ಹೊಕ್ಕಿನ ಎಳೆ ಹರಿದರೆ, ಇಲ್ಲವೇ ಕಂಡಿಕೆ ಮುಗಿದರೆ, ಮುಳ್ಳುಚಮಚದಂಥ ಒಂದು ಸಣ್ಣ ತಂತಿ ಅದನ್ನು ಅರಿತು ಮಗ್ಗವನ್ನು ನಿಲ್ಲಿಸುತ್ತದೆ. ಏಳು ನಿಮಿಷದ ಮುದ್ರಣದಲ್ಲಿ ನಾಲ್ಕು ಸಲ ಹೀಗೆ ನಿಂತಿತ್ತು. ಹೆಡ್‌ಫೋನ್ ಹಾಕಿಕೊಂಡು ಆ ನಿಲುಗಡೆಗಳನ್ನು ಕೇಳಿದೆ. ಮೋಟಾರಿನ ಗುಂಯ್ ಮಾತ್ರ ಉಳಿಯುತ್ತದೆ. ಲಾಳಿ ಹೊರತೆಗೆದ ಸದ್ದು. ಖಾಲಿ ಕಂಡಿಕೆ ಡಬ್ಬಿಗೆ ಬಿದ್ದ ಟಣ್. ಹೊಸ ಕಂಡಿಕೆಯ ಎಳೆ ಲಾಳಿಯ ಕಣ್ಣಿನಿಂದ ಹೊರಬರಲೆಂದು ಕಾಕಾ ತುಟಿ ಇಟ್ಟು ಸುರ್ ಎಂದು ಉಸಿರೆಳೆಯುತ್ತಾರೆ. ನಂತರ ಹಿಡಿಕೆ ತಳ್ಳಿದ ಖಟ್, ಮತ್ತೆ ಓಟ. ಹಳೆಯ ಕೃತಿಯ ಎಪ್ಪತ್ತೈದು ಸುತ್ತುಗಳಲ್ಲಿ ಮಗ್ಗ ನಡೆಸುವವರು ಯಾರೂ ಇರಲಿಲ್ಲ.

ನಾಲ್ಕರಲ್ಲಿ ಒಂದು ನಿಲುಗಡೆಯನ್ನು ಪೂರ್ತಿ ಹಾಗೆಯೇ ಇಟ್ಟಿದ್ದೇನೆ. ಅಲ್ಲಿ ತಬಲಾವೂ ನಿಲ್ಲುತ್ತದೆ, ತಂಬೂರಿ ಒಂದೇ ಮೀಟುತ್ತಿರುತ್ತದೆ. ಮಿಕ್ಸಿಂಗ್ ಮಾಡಿದ ಹುಡುಗ ಆ ಜಾಗ ತುಂಬಿಸಲು ಮೂರು ಸಲ ಕೇಳಿದ, ನಾನು ಒಪ್ಪಲಿಲ್ಲ.

ಈಗ ಕೇಳಿಸುತ್ತೇನೆ. ದಯವಿಟ್ಟು ಫ್ಯಾನುಗಳನ್ನು ಆರಿಸಬೇಕು, ಸೆಕೆಯಾದರೆ ಏಳು ನಿಮಿಷ ಸಹಿಸಿಕೊಳ್ಳಿ. ನಡುವೆ ಸದ್ದು ನಿಂತಾಗ ಮೈಕಿನವರನ್ನು ಯಾರೂ ಬೈಯಬೇಡಿ. ಕಾಕಾ ಕಂಡಿಕೆ ಬದಲಿಸುತ್ತಿರುತ್ತಾರೆ.