ನಕಮುರಾ ಹೆಸರಿನ ಜೆರ್ಸಿಗೆ 85 ಪೌಂಡ್ ಕೊಡಬಹುದೇ?

ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವುದು ಸ್ಕಾಟ್ಲೆಂಡ್‌ನ ಗ್ಲಾಸ್ಗೋ ನಗರದ ಸೆಲ್ಟಿಕ್ ಪಾರ್ಕ್, ಸೆಲ್ಟಿಕ್ ಫುಟ್‌ಬಾಲ್ ಕ್ಲಬ್ಬಿನ ಕ್ರೀಡಾಂಗಣ. ಒಳಗೆ ಹೋದದ್ದನ್ನೆಲ್ಲ ನೀವೇ ನೋಡುತ್ತಿದ್ದೀರಿ, ಆದ್ದರಿಂದ ನಾನು ನೇರವಾಗಿ ಶುನ್ಸುಕೆ ನಕಮುರಾ ಅವರ ವಿಷಯಕ್ಕೆ ಬರುತ್ತೇನೆ. ಇಟಲಿಯ ರೆಜಿನಾ ಕ್ಲಬ್ಬಿನಿಂದ 2005ರಲ್ಲಿ ಇಲ್ಲಿಗೆ ಬಂದ ಈ ಜಪಾನೀ ಮಿಡ್‌ಫೀಲ್ಡರ್ 2009ರಲ್ಲೇ ಹೊರಟುಹೋದರೂ, ಅವರ ಜನಪ್ರಿಯತೆ ಇನ್ನೂ ಇಳಿದಿಲ್ಲ ಎಂಬುದಕ್ಕೆ ಸಾಕ್ಷಿ ಈ ಜೆರ್ಸಿ.

ಇದರ ಬೆಲೆ 85 ಪೌಂಡ್. ಹಳೆಯ ಬಟ್ಟೆಗಳ ಅಂಗಡಿಯೊಂದರಲ್ಲಿ ಸಿಕ್ಕ ಇದರ ಬೆನ್ನಿನ ಮೇಲಿರುವ 25ರಲ್ಲಿ ಐದರ ಬಾಲ ಕಿತ್ತುಬಂದಿದೆ, ಹೆಸರಿನ ಎರಡು ಅಕ್ಷರಗಳು ಬಿರುಕು ಬಿಟ್ಟಿವೆ, ಕಂಕುಳಿನಲ್ಲಿ ಯಾರದೋ ಬೆವರಿನ ಕಲೆ ಹಾಗೆಯೇ ಇದೆ. ಅದೇ ವರ್ಷದ, ಹೆಸರಿಲ್ಲದ, ಕಲೆಯೂ ಇಲ್ಲದ ಜೆರ್ಸಿ ಪಕ್ಕದಲ್ಲೇ 30 ಪೌಂಡಿಗೆ ನೇತಾಡುತ್ತಿತ್ತು. ಎಷ್ಟು ಚೌಕಾಸಿ ಮಾಡಿದರೂ ಅಂಗಡಿಯವರು ಒಂದು ಪೌಂಡನ್ನೂ ಇಳಿಸಲಿಲ್ಲ. ಇದು ಹಗಲುದರೋಡೆ ಎಂದು ನಾನು ಕ್ಯಾಮೆರಾದ ಮುಂದೆಯೇ ಹೇಳಿದ್ದೇನೆ, ಆ ಭಾಗವನ್ನು ಕತ್ತರಿಸಿಲ್ಲ.

ಆದರೆ ಇದೇ ಹುಲ್ಲಿನ ಮೇಲೆ 2006ರ ನವೆಂಬರ್ 21ರಂದು ನಡೆದದ್ದನ್ನು ನೆನೆದಾಗ ಆ ಸಿಟ್ಟು ಸ್ವಲ್ಪ ಇಳಿಯುತ್ತದೆ. ಯುರೋಪಿನ ಪ್ರಮುಖ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಪಂದ್ಯದ 81ನೇ ನಿಮಿಷದಲ್ಲಿ, ಸುಮಾರು 30 ಗಜ ದೂರದಿಂದ ನಕಮುರಾ ಎಡಗಾಲಿನಲ್ಲಿ ಒದ್ದ ಫ್ರೀ ಕಿಕ್ (ಎದುರಾಳಿಯ ತಪ್ಪಿಗೆ ಸಿಗುವ ಒದೆತ) ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರ ಗೋಡೆಯನ್ನು ದಾಟಿ, ಗೋಲ್‌ಕೀಪರ್ ವಾನ್ ಡೆರ್ ಸಾರ್ ಅವರ ಕೈಗೆ ಎಟುಕದೆ ಬಲೆ ಸೇರಿತು. ಕೊನೆಯಲ್ಲಿ ಯುನೈಟೆಡ್‌ಗೆ ಸಿಕ್ಕ ಪೆನಾಲ್ಟಿಯನ್ನು ಸೆಲ್ಟಿಕ್ ಗೋಲ್‌ಕೀಪರ್ ಬೊರುಚ್ ತಡೆಯದೇ ಇದ್ದಿದ್ದರೆ ಆ ಗೋಲು ವ್ಯರ್ಥವಾಗುತ್ತಿತ್ತು ಎಂಬುದನ್ನು ಜನ ಮರೆತಿದ್ದಾರೆ, ಆದರೆ ಸೆಲ್ಟಿಕ್ ಮೊದಲ ಬಾರಿಗೆ ಚಾಂಪಿಯನ್ಸ್ ಲೀಗ್‌ನ ಕೊನೆಯ 16 ತಂಡಗಳ ಘಟ್ಟ ತಲುಪಿದ್ದು ನಕಮುರಾ ಅವರ ಆ ಒದೆತದಿಂದ ಎಂಬುದನ್ನು ಮರೆತಿಲ್ಲ. ಯುನೈಟೆಡ್‌ನ ಕ್ರೀಡಾಂಗಣವಾದ ಓಲ್ಡ್ ಟ್ರಾಫರ್ಡ್‌ನಲ್ಲಿಯೂ ಅವರು ಅದೇ ಗೋಲ್‌ಕೀಪರ್‌ಗೆ ಫ್ರೀ ಕಿಕ್‌ನಿಂದಲೇ ಗೋಲು ಹೊಡೆದಿದ್ದರು. 2007ರಲ್ಲಿ ಸ್ಕಾಟ್ಲೆಂಡ್‌ನ ಆಟಗಾರರೇ ಮತ ಹಾಕಿ ಅವರನ್ನು ವರ್ಷದ ಆಟಗಾರರನ್ನಾಗಿ ಆರಿಸಿದರು.

ಓಟದಲ್ಲಿ ಅವರು ನಿಧಾನ, ಎದುರಾಳಿಯಿಂದ ಚೆಂಡು ಕಸಿಯುವುದರಲ್ಲಿ ಸಾಧಾರಣ. ಹಾಗೆಂದು ಅವರನ್ನು ಬರೀ ಫ್ರೀ ಕಿಕ್ ಆಟಗಾರ ಎಂದು ತಳ್ಳಿಹಾಕುವವರ ಜೊತೆ ನಾನೂ ಒಂದು ಕಾಲದಲ್ಲಿ ಇದ್ದೆ, ಈಗ ಇಲ್ಲ. ಬಾಲಕನಾಗಿದ್ದಾಗ ಯೊಕೊಹಾಮಾ ಮರಿನೋಸ್‌ನ ಯುವ ತಂಡಕ್ಕೆ ಬಡ್ತಿ ಸಿಗದೆ ಶಾಲಾ ತಂಡಕ್ಕೆ ಹೋದವರು ಮತ್ತೆ ಅದೇ ಕ್ಲಬ್ ಸೇರಿ 2000ದಲ್ಲಿ ಜಪಾನಿನ ಜೆ ಲೀಗ್‌ನ ಅತ್ಯುತ್ತಮ ಆಟಗಾರರಾದರು. ಆದರೂ 2002ರಲ್ಲಿ ಸ್ವದೇಶದಲ್ಲೇ ನಡೆದ ವಿಶ್ವಕಪ್‌ಗೆ ಜಪಾನ್ ತಂಡದ ಕೋಚ್ ಟ್ರುಸಿಯೆ ನಕಮುರಾ ಅವರನ್ನು ಆರಿಸಲಿಲ್ಲ. ಸೆಲ್ಟಿಕ್ ಬಿಟ್ಟು ಸ್ಪೇನಿನ ಎಸ್ಪಾನ್ಯೋಲ್ ಕ್ಲಬ್ಬಿಗೆ ಹೋದದ್ದು ಸಂಪೂರ್ಣ ವಿಫಲ, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಊರಿಗೆ ಮರಳಿ 2013ರಲ್ಲಿ, 35ನೇ ವಯಸ್ಸಿನಲ್ಲಿ, ಅದೇ ಜೆ ಲೀಗ್ ಪ್ರಶಸ್ತಿಯನ್ನು ಎರಡನೆಯ ಬಾರಿ ಗೆದ್ದದ್ದು ನನಗೆ ಯುನೈಟೆಡ್ ವಿರುದ್ಧದ ಗೋಲಿಗಿಂತಲೂ ದೊಡ್ಡದಾಗಿ ಕಾಣುತ್ತದೆ. ಗ್ಲಾಸ್ಗೋದಲ್ಲಿ ನಿಂತು ಈ ಮಾತನ್ನು ಗಟ್ಟಿಯಾಗಿ ಹೇಳಬಾರದು.

ಗೈಡ್ ಕರೆಯುತ್ತಿದ್ದಾರೆ, ಮುಂದಿನ ದೃಶ್ಯ ಡ್ರೆಸಿಂಗ್ ರೂಮಿನದು. ನಕಮುರಾ 2022ರಲ್ಲಿ, 44ನೇ ವಯಸ್ಸಿನಲ್ಲಿ ನಿವೃತ್ತರಾದರು. ಜೆರ್ಸಿಯ ಬೆಲೆ ಮಾತ್ರ ಈಗಲೂ ಹೆಚ್ಚೇ.