ಆಜೀವ ಸದಸ್ಯರ ರೊಕ್ಕ ಯಾವ ವರ್ಷದ ಆದಾಯ?

ಸಭೆಯ ಅಧ್ಯಕ್ಷರಿಗೂ, ಹುಬ್ಬಳ್ಳಿ-ಧಾರವಾಡದ ವೃತ್ತಿಪರ ಸಂಘಗಳಿಂದ ಬಂದ ಕಾರ್ಯದರ್ಶಿ, ಕೋಶಾಧ್ಯಕ್ಷರೆಲ್ಲರಿಗೂ ನಮಸ್ಕಾರ.

ವೈದ್ಯರದಿರಲಿ, ಎಂಜಿನಿಯರರದಿರಲಿ, ತೆರಿಗೆ ಸಲಹೆಗಾರರದಿರಲಿ, ಸಣ್ಣ ಸಂಘದ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರದ ಸರದಿ ಬರುವುದು ಊಟದ ಹೊತ್ತಿಗೇ. ‘ಉಳಿತಾಯ ಎಷ್ಟ್ರೀ?’ ಅಂತ ಯಾರೋ ಕೇಳುತ್ತಾರೆ. ಒಂದು ಅಂಕಿ ಹೇಳಿದರೆ ಮುಗೀತು, ಮಂಜೂರು. ಆ ಅಂಕಿಯೊಳಗೆ ಏನು ಕೂತಿದೆ ಅನ್ನೋದೇ ಇವತ್ತಿನ ವಿಷಯ.

ಉದಾಹರಣೆಗೆ 180 ಸದಸ್ಯರ ಸಂಘ ಹಿಡಿಯೋಣ. 120 ಆಜೀವ, 60 ವಾರ್ಷಿಕ. ಖರ್ಚು ಬರಕೊಳ್ರಿ: ಕೋಣೆ ಬಾಡಿಗೆ ವರ್ಷಕ್ಕೆ 36,000 ರೂ., ಅರೆಕಾಲಿಕ ಗುಮಾಸ್ತರ ಪಗಾರ 72,000, ಲೆಕ್ಕಪರಿಶೋಧಕರಿಗೆ 15,000, ಅಂಚೆ-ಮುದ್ರಣ 9,000, ಕರೆಂಟು 6,000, ಉಪನ್ಯಾಸಗಳಿಗೆ 24,000, ವಾರ್ಷಿಕ ಸಭೆಯ ಊಟ 18,000. ಒಟ್ಟು 1,80,000. ಅಂದರೆ ತಲೆಗೆ 1,000 ರೂ.

ಈಗ ಜಮಾ. ವಾರ್ಷಿಕ ಸದಸ್ಯರು ತಲಾ 1,000 ಕೊಟ್ಟರೆ 60,000. ಅವರ ಖರ್ಚು ಅವರಿಗೆ ಸರಿಹೋಯಿತು. ಆಜೀವ ಸದಸ್ಯರು ಒಮ್ಮೆ 6,000 ಕೊಟ್ಟಿದ್ದಾರೆ, ಅದೆಲ್ಲ ಮುದ್ದತು ಠೇವಣಿಯಲ್ಲೇ ಇದೆ ಅಂತ ಹಿಡಿದರೂ 7,20,000. ನೂರಕ್ಕೆ ಆರೂವರೆ ಬಡ್ಡಿಯಂತೆ 46,800. ಅವರ ಮೇಲೆ ಆಗುವ ಖರ್ಚು 1,20,000. ಕೊರತೆ 73,200.

ಈ ಕೊರತೆ ಸಭೆಯಲ್ಲಿ ಓದುವ ಪತ್ರಿಕೆಯಲ್ಲಿ ಕಾಣುವುದಿಲ್ಲ. ಯಾಕೆಂದರೆ ಅದೇ ವರ್ಷ 13 ಜನ ಹೊಸದಾಗಿ ಆಜೀವ ಸದಸ್ಯರಾಗಿ 78,000 ಬಂದಿರುತ್ತದೆ. ಅದನ್ನೂ ಆದಾಯದ ಬದಿಗೆ ಬರೆದರೆ 4,800 ‘ಉಳಿತಾಯ’. ಬಿತ್ತಲಿಕ್ಕೆ ಇಟ್ಟ ಜೋಳ ಬೀಸಿ ರೊಟ್ಟಿ ಮಾಡಿದ ಲೆಕ್ಕ ಇದು. ಮುಂದಿನ ವರ್ಷ ಆ 13 ಜನರಿಗೂ ನೋಟಿಸು, ಊಟ, ಉಪನ್ಯಾಸ ಎಲ್ಲ ಬೇಕು, ಹಿಂದೆ ಠೇವಣಿ ಮಾತ್ರ ಇಲ್ಲ. ಸದಸ್ಯತ್ವ ಅಭಿಯಾನ ಜೋರಾದಷ್ಟೂ ಸಂಘ ಸೊರಗುತ್ತದೆ.

ನಿಮ್ಮ ಸಂಘದಲ್ಲಿ ಹೀಗಾಗಿದೆಯೋ ಇಲ್ಲವೋ ತಿಳಿಯಲು ಅಢಾವೆ ಪತ್ರಿಕೆಯ (ಬ್ಯಾಲೆನ್ಸ್ ಶೀಟ್) ಎರಡು ಸಾಲು ಸಾಕು. ಎಡಕ್ಕೆ ‘ಆಜೀವ ಸದಸ್ಯತ್ವ ನಿಧಿ’, ಬಲಕ್ಕೆ ‘ಬ್ಯಾಂಕ್ ಠೇವಣಿ’. ನಿಧಿ 7,20,000 ಇದ್ದು ಠೇವಣಿ 5,10,000 ಇದ್ದರೆ 2,10,000 ಯಾವ ವರ್ಷ ಎಲ್ಲಿ ಖರ್ಚಾಯಿತು ಅಂತ ಹುಡುಕಬೇಕು. ನಿಧಿ ಅನ್ನುವ ಸಾಲೇ ಇಲ್ಲದಿದ್ದರೆ ಇಷ್ಟು ವರ್ಷ ಎಲ್ಲವೂ ಆದಾಯಕ್ಕೆ ಹೋಗಿದೆ. ಆಗ ರಸೀದಿ ಪುಸ್ತಕದ ಹಳೆಯ ಪ್ರತಿಗಳಿಂದಲೇ ಮೊತ್ತ ಕೂಡಿಸಿ ನಿಧಿಯನ್ನು ಮತ್ತೆ ಕಟ್ಟಬೇಕು. ಬೇಸರದ ಕೆಲಸ, ಬೇರೆ ದಾರಿಯಿಲ್ಲ.

ಶುಲ್ಕ ಎಷ್ಟಿರಬೇಕು? ಒಬ್ಬರ ಖರ್ಚಿನ 1,000 ವರ್ಷವರ್ಷವೂ ಬಡ್ಡಿಯಿಂದಲೇ ಬರಬೇಕಾದರೆ ಆರೂವರೆಯ ದರಕ್ಕೆ ಸುಮಾರು 15,400 ಠೇವಣಿ ಬೇಕು. ಬೆಲೆ ಏರಿಕೆ ಸೇರಿಸಿದರೆ ಅದೂ ಸಾಲದು. ಸಣ್ಣ ಸಂಘಕ್ಕೆ ಆಜೀವ ಸದಸ್ಯತ್ವ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಐದು ವರ್ಷದ ಸದಸ್ಯತ್ವ ಇಡ್ರಿ, ವರ್ಷಕ್ಕೆ ಐದನೇ ಒಂದು ಪಾಲನ್ನು ಮಾತ್ರ ಆದಾಯಕ್ಕೆ ತಗೊಳ್ರಿ. ಶುಲ್ಕದ ಮೊತ್ತ ಸಂಘದ ಉಪವಿಧಿಯಲ್ಲೇ (ಬೈಲಾ) ಇದ್ದರೆ ಕಾರ್ಯಕಾರಿ ಮಂಡಳಿಯ ಠರಾವು ನಡೆಯದು. ಸರ್ವಸಾಧಾರಣ ಸಭೆಯಲ್ಲಿ ತಿದ್ದುಪಡಿ ಆಗಿ ನೋಂದಣಾಧಿಕಾರಿಗೆ ಹೋಗಬೇಕು.

ಠೇವಣಿ ಸಂಘದ ಪ್ಯಾನ್ ಮೇಲೇ ಇರಲಿ. ಹಿಂದಿನ ಕೋಶಾಧ್ಯಕ್ಷರ ಪ್ಯಾನ್ ಉಳಿದಿದ್ದರೆ ಬಡ್ಡಿ ಅವರ ಆದಾಯದಲ್ಲಿ ಕಾಣುತ್ತದೆ, ನೋಟಿಸು ಅವರ ಮನೆಗೆ. ‘ಸದಸ್ಯರದೇ ರೊಕ್ಕ, ನಮಗೆಂಥಾ ತೆರಿಗೆ?’ ಅನ್ನುವವರಿದ್ದಾರೆ. ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ: ಸದಸ್ಯರು ತಮ್ಮೊಳಗೆ ಕೊಟ್ಟು ತಗೊಳ್ಳುವುದಕ್ಕೆ ತೆರಿಗೆ ರಿಯಾಯಿತಿ ಉಂಟು, ಬ್ಯಾಂಕಿನ ಬಡ್ಡಿ ಬೇರೆ, ಬ್ಯಾಂಕೇ ಕ್ಲಬ್ಬಿನ ಸದಸ್ಯನಾಗಿದ್ದರೂ ಬಡ್ಡಿಗೆ ಆ ರಿಯಾಯಿತಿ ಇಲ್ಲ. ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ದಾಟಿದರೆ ಮೂಲದಲ್ಲೇ ನೂರಕ್ಕೆ ಹತ್ತು ತೆರಿಗೆ ಕಡಿತ (ಟಿಡಿಎಸ್). ತೆರಿಗೆ ಬೀಳದಷ್ಟು ಆದಾಯವಿದ್ದರೂ ರಿಟರ್ನ್ ಹಾಕದೆ ಅದು ವಾಪಸು ಬರುವುದಿಲ್ಲ. ಇನ್ನು, ಮುದ್ದತಿಗೆ ಒಮ್ಮೆಲೇ ಬಡ್ಡಿ ಕೊಡುವ ಠೇವಣಿಯಲ್ಲೂ ಆಯಾ ವರ್ಷದ ಬಡ್ಡಿಯನ್ನು ಆಯಾ ವರ್ಷವೇ ಬರೆಯಿರಿ. ಇಲ್ಲವಾದರೆ ನಾಲ್ಕು ವರ್ಷ ಬಡತನ, ಐದನೇ ವರ್ಷ ದಿಢೀರ್ ಸಿರಿತನ.

ದಿನನಿತ್ಯದ ತಲೆನೋವು ಕ್ಯೂಆರ್ ಕೋಡ್‌ನದು. ಸದಸ್ಯರು ಸ್ಕ್ಯಾನ್ ಮಾಡಿ 1,000 ಹಾಕುತ್ತಾರೆ, ಎಷ್ಟೋ ಸಲ ಮಗನ ಫೋನಿನಿಂದ. ಪಾಸ್‌ಬುಕ್ಕಿನಲ್ಲಿ ಗುರುತಿಲ್ಲದ ಹೆಸರು, ಉದ್ದನೆಯ ನಂಬರು. ಮಾರ್ಚ್ ಕೊನೆಗೆ ಇಂಥ ಇಪ್ಪತ್ತು ಜಮಾ ಉಳಿದರೆ ಶುಲ್ಕ ಕೊಟ್ಟವರೇ ಬಾಕಿದಾರರ ಪಟ್ಟಿಯಲ್ಲಿ! ಸದಸ್ಯತ್ವ ಸಂಖ್ಯೆಯನ್ನು ಟಿಪ್ಪಣಿಯಲ್ಲಿ ಹಾಕಿಸಿರಿ, ವಾರಕ್ಕೊಮ್ಮೆ ತಾಳೆ ನೋಡಿ ರಸೀದಿ ಕಳಿಸಿರಿ. ಫೆಬ್ರುವರಿಯಲ್ಲಿ ಬಂದ ಮುಂದಿನ ವರ್ಷದ ಶುಲ್ಕ ಮುಂಗಡ, ಆದಾಯವಲ್ಲ.

ಸಮ್ಮೇಳನ ನಡೆಸುವ ವರ್ಷ ಬೇರೆ ಖಾತೆ ತೆರೆಯಿರಿ. ಸ್ಟಾಲ್ ಬಾಡಿಗೆ, ಪ್ರಾಯೋಜಕರ ರೊಕ್ಕ, ಪ್ರತಿನಿಧಿ ಶುಲ್ಕ ಕೂಡಿ 20 ಲಕ್ಷ ದಾಟುವ ಲಕ್ಷಣ ಕಂಡರೆ ಜಿಎಸ್‌ಟಿ ನೋಂದಣಿಯ ಮಾತು ಮೊದಲೇ ಆಡಿರಿ.

ಕೊನೆಗೆ ನೋಂದಣಿ. ನಮ್ಮವು 1960ರ ಸಂಘಗಳ ನೋಂದಣಿ ಕಾಯ್ದೆಯವು, 1959ರ ಸಹಕಾರ ಸಂಘಗಳ ಕಾಯ್ದೆಯವಲ್ಲ. ಎರಡಕ್ಕೂ ಸಹಕಾರ ಇಲಾಖೆಗೇ ಹೋಗಬೇಕಾದ್ದರಿಂದ ಗೊಂದಲ. ಗದಗದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಹುಟ್ಟಿದ ಸೀಮೆ ನಮ್ಮದು, ‘ಸಂಘ’ ಅಂದರೆ ಪತ್ತಿನ ಸಂಘವೇ ನೆನಪಾಗುವುದು ಸಹಜ. ವಾರ್ಷಿಕ ಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಪರಿಶೋಧನೆಯಾದ ಆದಾಯ-ವೆಚ್ಚ, ಅಢಾವೆ ಪತ್ರಿಕೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಹೊಸ ಪದಾಧಿಕಾರಿಗಳ ಸಹಿ ಬದಲಿಸಲು ಬ್ಯಾಂಕಿನವರು ಠರಾವಿನ ಜೊತೆ ಈ ಪಟ್ಟಿಯನ್ನೂ ಕೇಳುತ್ತಾರೆ. ಅಲ್ಲಿಯವರೆಗೆ ಹಳಬರ ಸಹಿಯೇ ನಡೆಯಬೇಕು, ಗುಮಾಸ್ತರ ಪಗಾರದ ಚೆಕ್ಕಿಗೂ.