ನಾಯಕನನ್ನು ಹಿಡಿದ ಮೇಲೆ ಊರಿಗೆ ಏನಾಗುತ್ತದೆ?

ಸಭಿಕರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಮಾದಕವಸ್ತುವಿನ ಸುದ್ದಿ ನಮ್ಮನ್ನು ತಲುಪುವುದು ಬಹುಮಟ್ಟಿಗೆ ಒಂದೇ ರೂಪದಲ್ಲಿ: ಮೇಜಿನ ಮೇಲೆ ಜೋಡಿಸಿಟ್ಟ ಪೊಟ್ಟಣಗಳು, ತೂಕದ ಯಂತ್ರ, ನಾಲ್ಕಾರು ಮೊಬೈಲುಗಳು, ಮಾಲಿನ ಬೆಲೆ ಇಷ್ಟು ಕೋಟಿ ಎಂಬ ಹೇಳಿಕೆ. ಆ ಕೆಲಸವನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಆದರೆ ಹಿಡಿದ ಮಾಲು ಮತ್ತು ಬಂಧಿಸಿದ ನಾಯಕರ ಲೆಕ್ಕವನ್ನೇ ಗೆಲುವೆಂದು ನಂಬಿದ ಮೆಕ್ಸಿಕೊದಲ್ಲಿ ಏನಾಯಿತು ಎಂಬುದನ್ನು ಇಂದು ವಿವರಿಸಬಯಸುತ್ತೇನೆ.

2006ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಫೆಲಿಪೆ ಕಾಲ್ಡೆರಾನ್ ಅಧಿಕಾರ ವಹಿಸಿಕೊಂಡ ಹತ್ತೇ ದಿನಗಳಲ್ಲಿ ತಮ್ಮ ತವರು ರಾಜ್ಯವಾದ ಮಿಚೊವಾಕಾನ್‌ಗೆ ಸಾವಿರಾರು ಸೈನಿಕರನ್ನು ಕಳುಹಿಸಿದರು. ಸ್ಥಳೀಯ ಪೊಲೀಸರು ಕಾರ್ಟೆಲ್‌ಗಳ, ಅಂದರೆ ಮಾದಕವಸ್ತು ಸಾಗಿಸುವ ಸಂಘಟಿತ ಗುಂಪುಗಳ, ಲಂಚಕ್ಕೆ ಬಿದ್ದಿದ್ದಾರೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಕಾರಣ ಸುಳ್ಳೇನೂ ಆಗಿರಲಿಲ್ಲ. ಆದರೆ ಆ ಸಮರದ ಹೊಣೆ ಹೊತ್ತಿದ್ದ ಭದ್ರತಾ ಸಚಿವ ಹೆನಾರೊ ಗಾರ್ಸಿಯಾ ಲೂನಾ ಸ್ವತಃ ಸಿನಲೋವಾ ಕಾರ್ಟೆಲ್‌ನಿಂದ ಹಣ ಪಡೆದಿದ್ದರೆಂದು 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ತೀರ್ಮಾನಿಸಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. 2006ರಲ್ಲಿ ಹತ್ತು ಸಾವಿರದ ಆಸುಪಾಸಿನಲ್ಲಿದ್ದ ಕೊಲೆಗಳು 2011ರ ಹೊತ್ತಿಗೆ ವರ್ಷಕ್ಕೆ ಇಪ್ಪತ್ತೇಳು ಸಾವಿರವನ್ನು ದಾಟಿದವು. ಕಾಣೆಯಾದವರ ಸರ್ಕಾರಿ ನೋಂದಣಿ ಈಗ ಒಂದು ಲಕ್ಷವನ್ನು ಮೀರಿದೆ.

ನಾಯಕರು ಸೆರೆ ಸಿಕ್ಕಂತೆಲ್ಲ ಕೊಲೆಗಳು ಹೆಚ್ಚಿದ್ದೇಕೆ? ಕಳ್ಳಸಾಗಣೆಯ ನಾಯಕನೆಂದರೆ ಬರೀ ಹಂತಕನಲ್ಲ. ಯಾವ ದಾರಿ ಯಾರದು, ಯಾವ ಅಧಿಕಾರಿಗೆ ಎಷ್ಟು ಮಾಮೂಲು, ಬಾಕಿ ಉಳಿಸಿಕೊಂಡವನನ್ನು ಏನು ಮಾಡಬೇಕು ಎಂಬುದನ್ನೆಲ್ಲ ತೀರ್ಮಾನಿಸುವವನು ಅವನೇ. ಈ ವ್ಯವಹಾರದಲ್ಲಿ ಕರಾರು ಮುರಿದರೆ ಕೋರ್ಟಿಗೆ ಹೋಗುವಂತಿಲ್ಲವಾದ್ದರಿಂದ, ಅವನು ಇಲ್ಲವಾದೊಡನೆ ಹಳೆಯ ಒಪ್ಪಂದಗಳೆಲ್ಲ ಬಂದೂಕಿನ ಬಾಯಿಗೆ ಬೀಳುತ್ತವೆ. ಒಡೆದು ಹೋದ ಗುಂಪುಗಳಿಗೆ ಅಮೆರಿಕದ ಗಡಿ ದಾಟುವ ದಾರಿ ಸಿಗದಿದ್ದಾಗ ಅವು ಹತ್ತಿರದಲ್ಲಿದ್ದವರ ಮೇಲೆ ಬೀಳುತ್ತವೆ. ಮಿಚೊವಾಕಾನ್‌ನ ನಿಂಬೆ ಮತ್ತು ಬೆಣ್ಣೆಹಣ್ಣಿನ ಬೆಳೆಗಾರರು ಹಫ್ತಾ ಕೊಡಬೇಕಾಗಿ ಬಂದದ್ದು ಹೀಗೆ. ಮಾದಕವಸ್ತುವನ್ನು ಕಣ್ಣಿಂದಲೂ ನೋಡದ ರೈತ ಆ ಯುದ್ಧದ ಖರ್ಚು ಭರಿಸಿದ.

ಸಿನಲೋವಾ ರಾಜ್ಯದ ರಾಜಧಾನಿ ಕುಲಿಯಾಕಾನ್ ಇದನ್ನು ಮತ್ತೆ ಮತ್ತೆ ಕಂಡಿತು. 2019ರ ಅಕ್ಟೋಬರ್ 17ರ ಮಧ್ಯಾಹ್ನ ಸೈನಿಕರ ಒಂದು ಸಣ್ಣ ತುಕಡಿ, ಶೋಧನಾ ವಾರಂಟ್ ಕೈಸೇರುವ ಮುನ್ನವೇ, ಸಿನಲೋವಾ ಕಾರ್ಟೆಲ್‌ನ ನಾಯಕನಾಗಿದ್ದ ‘ಎಲ್ ಚಾಪೊ’ ಗುಸ್ಮಾನ್‌ನ ಮಗ ಓವಿಡಿಯೊ ಇದ್ದ ಮನೆಯನ್ನು ಸುತ್ತುವರಿಯಿತು. ಸರ್ಕಾರವೇ ನಂತರ ತೋರಿಸಿದ ವಿಡಿಯೊದಲ್ಲಿ ಆತ ಬಾಗಿಲಲ್ಲಿ ನಿಂತು, ಫೋನ್ ಹಿಡಿದು, ಎಲ್ಲವನ್ನೂ ನಿಲ್ಲಿಸುವಂತೆ ತನ್ನ ಅಣ್ಣನನ್ನು ಕೇಳಿಕೊಳ್ಳುತ್ತಾನೆ. ಆ ಕಡೆಯವರು ನಿಲ್ಲಿಸಲಿಲ್ಲ. ಬಸ್ಸುಗಳನ್ನು ಸುಟ್ಟು ರಸ್ತೆ ಮುಚ್ಚಿದರು, ಜೈಲಿನಿಂದ ಕೈದಿಗಳು ತಪ್ಪಿಸಿಕೊಂಡರು, ಸೈನಿಕರ ಕುಟುಂಬಗಳಿದ್ದ ವಸತಿಗೃಹಗಳ ಮೇಲೆಯೇ ಗುಂಡು ಹಾರಿತು. ಕೆಲವೇ ಗಂಟೆಗಳಲ್ಲಿ ಸರ್ಕಾರ ಓವಿಡಿಯೊನನ್ನು ಬಿಟ್ಟುಬಿಟ್ಟಿತು. ಅಧ್ಯಕ್ಷ ಲೋಪೆಸ್ ಒಬ್ರದೋರ್ ಅವರನ್ನು ಹೇಡಿಯೆಂದು ಜರೆದವರು ಬಹಳ. ಅಂದು ಊರಿನಲ್ಲಿ ಸಿಲುಕಿದ್ದವರ ದೃಷ್ಟಿಯಿಂದ ನೋಡಿದರೆ ಆ ಹೊತ್ತಿನ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ತಪ್ಪಾದದ್ದು ತಯಾರಿಯಲ್ಲಿ.

2023ರ ಜನವರಿಯಲ್ಲಿ ಅವನನ್ನು ಮತ್ತೆ ಹಿಡಿದಾಗ ಹತ್ತು ಸೈನಿಕರೂ ಹತ್ತೊಂಬತ್ತು ಬಂದೂಕುಧಾರಿಗಳೂ ಸತ್ತರು. 2024ರ ಜುಲೈ 25ರಂದು ಅದೇ ಕಾರ್ಟೆಲ್‌ನ ಹಿರಿಯ ನಾಯಕ ‘ಎಲ್ ಮಾಯೊ’ ಸಂಬಾದಾ ಅಮೆರಿಕದ ಎಲ್ ಪಾಸೊ ಬಳಿ ಬಂಧಿತನಾದ. ತನ್ನನ್ನು ಮೋಸದಿಂದ ಕರೆಸಿ ಬಲವಂತವಾಗಿ ವಿಮಾನ ಹತ್ತಿಸಿದ್ದು ಗುಸ್ಮಾನ್‌ನ ಇನ್ನೊಬ್ಬ ಮಗನೆಂದು ಆತ ಆರೋಪಿಸಿದ. ಅದೇ ಸೆಪ್ಟೆಂಬರ್‌ನಲ್ಲಿ ಗುಸ್ಮಾನ್ ಮಕ್ಕಳ ಬಣವೂ ಸಂಬಾದಾ ಬಣವೂ ಕುಲಿಯಾಕಾನ್‌ನಲ್ಲಿ ಯುದ್ಧಕ್ಕಿಳಿದು, ಶಾಲೆಗಳೂ ಅಂಗಡಿಗಳೂ ಬಾಗಿಲು ಹಾಕಿದವು.

ಕುಲಿಯಾಕಾನ್‌ನಂಥ ಸ್ಥಿತಿ ಬೆಂಗಳೂರಿನಲ್ಲಿಲ್ಲ. ಸಿಕ್ಕ ಪ್ರತಿಯೊಬ್ಬ ಪೆಡ್ಲರ್‌ನನ್ನೂ ‘ಕಿಂಗ್‌ಪಿನ್’ ಎಂದು ಕೂಗುವ ಟಿವಿ ವಾಹಿನಿಗಳು ಇದನ್ನು ಒಪ್ಪದಿರಬಹುದು. ನಮ್ಮಲ್ಲಿ ಗಾಂಜಾ ಆಂಧ್ರ–ಒಡಿಶಾ ಗಡಿಯ ಬೆಟ್ಟಗಳಿಂದ ರೈಲು, ಲಾರಿಗಳಲ್ಲಿ ಬರುತ್ತದೆ. ಡಾರ್ಕ್‌ವೆಬ್‌ನಲ್ಲಿ ತರಿಸಿಕೊಂಡ ಗುಳಿಗೆಗಳು ಅಂಚೆಯ ಪಾರ್ಸೆಲ್‌ನಲ್ಲಿ ಬಂದು ಚಾಮರಾಜಪೇಟೆಯ ವಿದೇಶಿ ಅಂಚೆ ಕಚೇರಿಯಲ್ಲಿ ಸಿಕ್ಕಿಬಿದ್ದದ್ದುಂಟು. ಇಂಥ ಜಾಲದಲ್ಲಿ ಕೈಗೆ ಸಿಗುವವನು ಸಾಮಾನ್ಯವಾಗಿ ಪೊಟ್ಟಣ ತಲುಪಿಸುವ ಹುಡುಗ, ಮಾರನೆಯ ವಾರಕ್ಕೆ ಅವನ ಜಾಗದಲ್ಲಿ ಇನ್ನೊಬ್ಬ.

ಮಾದಕವಸ್ತು ನಿಯಂತ್ರಣಕ್ಕಿರುವ 1985ರ ಎನ್‌ಡಿಪಿಎಸ್ ಕಾಯ್ದೆ ಕಠಿಣವಾದದ್ದೇ. ಗಾಂಜಾ ಇಪ್ಪತ್ತು ಕಿಲೊವನ್ನು ಅಥವಾ ಎಂಡಿಎಂಎ ಎಂಬ ರಾಸಾಯನಿಕ ಮಾದಕವಸ್ತು ಹತ್ತು ಗ್ರಾಂ ಅನ್ನು ಮೀರಿದರೆ ಅದು ವಾಣಿಜ್ಯ ಪ್ರಮಾಣ. ಆಗ 37ನೇ ಕಲಮಿನಿಂದಾಗಿ ಜಾಮೀನು ಬಲು ಕಷ್ಟ. ಆದರೆ ಮೈಶೋಧಕ್ಕೆ ಮುನ್ನ 50ನೇ ಕಲಮಿನಂತೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಶೋಧ ನಡೆಯಲೆಂದು ಕೇಳುವ ಹಕ್ಕನ್ನು ಆರೋಪಿಗೆ ತಿಳಿಸದಿದ್ದರೆ ಎಷ್ಟೇ ದೊಡ್ಡ ಪ್ರಕರಣವೂ ಕೋರ್ಟಿನಲ್ಲಿ ಬಿದ್ದುಹೋಗಬಹುದು. ಅಧಿಕಾರಿಗೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೋಫಾನ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಹಣದ ಜಾಡು ಹಿಡಿಯದೆ ಬೇರೆ ದಾರಿಯಿಲ್ಲ. ಅಕ್ರಮ ಆಸ್ತಿ ಮುಟ್ಟುಗೋಲಿಗೆಂದೇ 1989ರಲ್ಲಿ ಈ ಕಾಯ್ದೆಗೆ ಪ್ರತ್ಯೇಕ ಅಧ್ಯಾಯ ಸೇರಿತು. ಕರ್ನಾಟಕಕ್ಕೆ 2000ನೇ ಇಸವಿಯ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ ‘ಕೋಕಾ’ ಕೂಡ ಇದೆ. ಒಂದು ಬೇನಾಮಿ ಫ್ಲ್ಯಾಟಿನ ನಿಜವಾದ ಒಡೆಯ ಯಾರೆಂದು ಸಾಬೀತುಪಡಿಸಲು ಬ್ಯಾಂಕ್ ದಾಖಲೆ, ನೋಂದಣಿ ಪತ್ರ, ತೆರಿಗೆ ವಿವರಗಳನ್ನು ತಿಂಗಳುಗಟ್ಟಲೆ ಕೂತು ಓದಬಲ್ಲ ತನಿಖಾಧಿಕಾರಿ ಬೇಕು. ಅಂಥವರನ್ನು ಠಾಣೆಯ ಬಂದೋಬಸ್ತ್ ಕೆಲಸಕ್ಕೆ ಎಳೆಯದೆ ಅದೇ ಹುದ್ದೆಯಲ್ಲಿ ನಾಲ್ಕಾರು ವರ್ಷ ಉಳಿಸುವುದು ಸರ್ಕಾರದ ಕೈಯಲ್ಲೇ ಇದೆ.